ಗಿರಣಿಯ ನಂಬರ್ ಗುಮಾಸ್ತರ ಜೇಬಿನಲ್ಲಿ

ಸಿರುಗುಪ್ಪದ ಅಕ್ಕಿ ಚೀಲವನ್ನು ಎಂದಾದರೂ ನಿಂತು ಓದಿದ್ದೀರಾ? ಮೇಲೆ ಸೋನಾ ಮಸೂರಿ ಎಂದು ದಪ್ಪಕ್ಷರ, ನಡುವೆ ನವಿಲೋ ಕಮಲವೋ, ಕೆಳಗೆ ಗಿರಣಿಯ ಹೆಸರು, ಅದರಡಿ ಫೋನ್ ನಂಬರುಗಳ ಸಾಲು. 08396ರಿಂದ ಶುರುವಾಗುವ ಲ್ಯಾಂಡ್‌ಲೈನ್ ಒಂದು, ಆಮೇಲೆ ಮೂರು ನಾಲ್ಕು ಮೊಬೈಲು. ಆ ಲ್ಯಾಂಡ್‌ಲೈನ್ ಸತ್ತು ವರ್ಷಗಳೇ ಆಗಿರುತ್ತವೆ. ಮೊಬೈಲುಗಳಲ್ಲಿ ಒಂದು ಯಜಮಾನರದ್ದು, ಒಂದು ಅವರ ತಮ್ಮನದ್ದು, ಮತ್ತೊಂದು ಕೆಲಸ ಬಿಟ್ಟುಹೋದ ಗುಮಾಸ್ತರದ್ದು. ಬಿಟ್ಟುಹೋದವರು ಈಗ ಬೇರೆ ಗಿರಣಿಯಲ್ಲಿದ್ದಾರೆ. ಬೆಂಗಳೂರಿನ ಯಶವಂತಪುರದ ವ್ಯಾಪಾರಿ ಚೀಲ ನೋಡಿಕೊಂಡು ಫೋನ್ ಮಾಡಿದರೆ ಎತ್ತುವವರು ಅವರೇ. ಆರ್ಡರು ಯಾರ ಗಿರಣಿಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನನ್ನದು ಬಳ್ಳಾರಿಯಲ್ಲಿ ಟೆಲಿಫೋನ್ ವೈರಿಂಗ್ ಕೆಲಸ. ತೊಂಬತ್ತರ ದಶಕದಲ್ಲಿ, ಹೊರಗಿನ ಲೈನನ್ನು ಒಳಗಿನ ಫೋನುಗಳಿಗೆಲ್ಲ ಹಂಚುವ ಇಪಿಎಬಿಎಕ್ಸ್ ಪೆಟ್ಟಿಗೆ ಹೊತ್ತುಕೊಂಡು ಹತ್ತಿ ಜಿನ್ನು, ನರ್ಸಿಂಗ್ ಹೋಮು, ಲಾಡ್ಜು ಅಂತ ತಿರುಗುತ್ತಿದ್ದೆ. ಈಗ ಅದೇ ಗಿರಾಕಿಗಳ ಮಕ್ಕಳು ಕರೆಸಿ, "ಅಣ್ಣಾ, ಅದೇನೋ ಯುಸಿ ಅಂತ ಬಂದೈತಂತಲ್ಲ, ನಮಗೂ ಹಾಕಿಕೊಡ್ರಿ" ಅನ್ನುತ್ತಾರೆ. ಯುಸಿ ಅಂದರೆ ಯೂನಿಫೈಡ್ ಕಮ್ಯುನಿಕೇಷನ್ಸ್. ಹೊರಗಿನ ಕರೆ, ಒಳಗಿನ ಇಂಟರ್‌ಕಾಂ, ಮೆಸೇಜು, ವಿಡಿಯೊ ಮೀಟಿಂಗು, ಫೋಟೊ, ಫೈಲು ಎಲ್ಲವನ್ನೂ ಒಂದೇ ತಂತ್ರಾಂಶದ ಅಡಿ ತರುವುದು. ಮೈಕ್ರೊಸಾಫ್ಟ್‌ನವರ ಟೀಮ್ಸ್, ಜೂಮ್, ಜೊಹೊದವರ ಕ್ಲಿಕ್ ಈ ಜಾತಿಯವು. ಫೋನ್ ಕರೆಗಳನ್ನು ಮಾತ್ರ ಕ್ಲೌಡ್‌ನಲ್ಲಿ ತೆಗೆದುಕೊಂಡು ಹಂಚುವ ಬೆಂಗಳೂರಿನ ಎಕ್ಸೊಟೆಲ್‌ನಂಥ ಕಂಪನಿಗಳೂ ಇವೆ. ಕೇಳುವವರ ತಲೆಯಲ್ಲಿ ಇದೊಂದು ಆ್ಯಪ್. ನನ್ನ ಮಟ್ಟಿಗೆ ಆ್ಯಪ್ ಆಮೇಲಿನ ಮಾತು. ವ್ಯಾಪಾರದ ನಂಬರೂ ವ್ಯಾಪಾರದ ಮಾತೂ ವ್ಯಾಪಾರದ ಕೈಯಲ್ಲಿ ಇವೆಯೋ ಇಲ್ಲವೋ ಅನ್ನುವುದು ಮೊದಲು ಇತ್ಯರ್ಥವಾಗಬೇಕು.

ಲ್ಯಾಂಡ್‌ಲೈನ್ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಫೋನು ಗಾದಿಯ ಪಕ್ಕದ ಸ್ಟೂಲಿನ ಮೇಲೆ, ಡಯಲಿಗೆ ಬೀಗ ಹಾಕಿಸಿಕೊಂಡು ಕೂತಿರುತ್ತಿತ್ತು. ಯಾರು ಎತ್ತಿದರೂ ಮೊದಲು ಹೇಳುತ್ತಿದ್ದುದು ಅಂಗಡಿಯ ಹೆಸರು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ತನ್ನ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜನ್ನು ಮೊದಲು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಎ.ಸಿ. ಕೋಣೆ ಬೇಡ, ಬಿಸಿಲು ಧೂಳು ತಡೆದುಕೊಳ್ಳುತ್ತದೆ ಅನ್ನುವುದೇ ಅದರ ಹೆಚ್ಚುಗಾರಿಕೆ. ಅಂಥ ಎಕ್ಸ್‌ಚೇಂಜುಗಳು ಊರೂರಿಗೆ ಬಂದ ಮೇಲೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವುದು ತಪ್ಪಿತು, ಎಸ್‌ಟಿಡಿ ಬೂತಿನ ಹಳದಿ ಬೋರ್ಡು ಎದ್ದಿತು. ಸ್ವಲ್ಪ ಅನುಕೂಲಸ್ಥ ಗಿರಣಿಗಳು ಎರಡು ಲೈನು, ಎಂಟು ಎಕ್ಸ್‌ಟೆನ್ಷನ್ನಿನ ಇಪಿಎಬಿಎಕ್ಸ್ ಹಾಕಿಸಿಕೊಂಡವು. ಒಂದು ಲೈನ್ ಎಂಗೇಜ್ ಇದ್ದರೆ ಕರೆ ತಾನಾಗಿ ಇನ್ನೊಂದಕ್ಕೆ ಹಾರುವುದಕ್ಕೆ ಹಂಟಿಂಗ್ ಅನ್ನುತ್ತಿದ್ದೆವು. ಈಗ ಯುಸಿ ಮಾರಲು ಟೈ ಕಟ್ಟಿಕೊಂಡು ಬರುವ ಹುಡುಗರು ಹೇಳುವುದರಲ್ಲಿ ಅರ್ಧಕ್ಕರ್ಧ ಅದೇ ಹಂಟಿಂಗು.

ಮೊಬೈಲ್ ಬಂದಾಗ ನಂಬರ್ ಗಾದಿಯಿಂದ ಎದ್ದು ಜೇಬಿಗೆ ಹೋಯಿತು. ವಾಟ್ಸಾಪ್ ಬಂದಾಗ ಲೆಕ್ಕಪತ್ರವೂ ಹಿಂದೆಯೇ ಹೋಯಿತು: ತೂಕದ ಚೀಟಿಯ ಫೋಟೊ, ಬ್ಯಾಂಕಿಗೆ ಹಣ ಹಾಕಿದ ಸ್ಕ್ರೀನ್‌ಶಾಟು, "ಈ ರೇಟಿಗೆ ಒಪ್ಪಿದೆ" ಅನ್ನುವ ವಾಯ್ಸ್ ನೋಟು, ಎಲ್ಲ ಒಬ್ಬೊಬ್ಬರ ಫೋನಿನಲ್ಲಿ. ಫೋನು ನೀರಿಗೆ ಬಿದ್ದರೆ ಆ ಹಂಗಾಮಿನ ವ್ಯವಹಾರದ ನೆನಪೂ ಮುಳುಗಿದ ಹಾಗೇ.

ಒಂದು ಮನೆತನದ ಕೆಲಸ ಹೇಳುತ್ತೇನೆ, ವಿಷಯ ಹಿಡಿತಕ್ಕೆ ಸಿಗುತ್ತದೆ. ಅಣ್ಣತಮ್ಮಂದಿರು. ಬಳ್ಳಾರಿಯ ಎಪಿಎಂಸಿ ಹತ್ತಿರ ಆಫೀಸು, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ, ಕುರುಗೋಡಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಬಳ್ಳಾರಿಯಿಂದ ಸಿರುಗುಪ್ಪ ತೆಕ್ಕಲಕೋಟೆ ದಾಟಿ ಐವತ್ತು ಕಿ.ಮೀ. ಮೇಲೆ, ಕುರುಗೋಡು ಕಂಪ್ಲಿ ಕಡೆಗೆ, ಅದರ ಅರ್ಧ ದೂರ. ಮೂರೂ ಕಡೆ ಸೇರಿ ನಲವತ್ತು ಜನ ಕೆಲಸಗಾರರು, ಹಮಾಲರು ಬೇರೆ. ಹಿರಿಯಣ್ಣನ ಮಗ ಬೆಂಗಳೂರಿನಲ್ಲಿ ಓದಿ ಬಂದವನು. ಬಂದ ವಾರವೇ ಎಲ್ಲರ ಫೋನಿಗೂ ಒಂದು ಆ್ಯಪ್ ಹಾಕಿಸಲು ಹೊರಟಿದ್ದ. ಅವನನ್ನು ತಡೆದು ಒಂದು ನೋಟ್‌ಬುಕ್ ತರಿಸಿದೆ. ಒಂದು ವಾರ ಬರುವ ಪ್ರತಿ ಕರೆಯನ್ನೂ ಬರೆಯಿರಿ: ಯಾರು ಮಾಡಿದರು, ಏನು ಕೇಳಿದರು, ಉತ್ತರ ಯಾರ ಹತ್ತಿರ ಇತ್ತು, ಎಷ್ಟು ಜನರ ಕೈದಾಟಿತು.

ಆ ನೋಟ್‌ಬುಕ್ ನೋಡಿ ಮನೆಯವರೇ ಬೆಚ್ಚಿದರು. ಮುಕ್ಕಾಲು ಪಾಲು ಕರೆಗಳು ನಾಲ್ಕೇ ಪ್ರಶ್ನೆ. ಇವತ್ತು ಭತ್ತದ ರೇಟು ಎಷ್ಟು? ನನ್ನ ದುಡ್ಡು ಯಾವಾಗ? ಲಾರಿ ಎಲ್ಲಿದೆ? ಯೂರಿಯಾ ಬಂತಾ? ಮೂರನೆಯ ಪ್ರಶ್ನೆ ಯಶವಂತಪುರದಿಂದ ಬಳ್ಳಾರಿ ಆಫೀಸಿಗೆ ಬರುತ್ತಿತ್ತು, ಉತ್ತರ ಸಿರುಗುಪ್ಪದ ತೂಕದ ಕಾಟಾದ ಹುಡುಗನ ಹತ್ತಿರ ಇರುತ್ತಿತ್ತು, ನಡುವೆ ಅಣ್ಣ ತಮ್ಮನಿಗೆ, ತಮ್ಮ ಮೇಸ್ತ್ರಿಗೆ, ಮೇಸ್ತ್ರಿ ಕಾಟಾಕ್ಕೆ. ಮೇಸ್ತ್ರಿ ಊಟಕ್ಕೆ ಹೋಗಿದ್ದರೆ ಮುಗಿಯಿತು. ಇದು ನೋಟ್‌ಬುಕ್ಕಿನಲ್ಲಿ ಕಂಡ ಮೇಲೆ ಯಾವ ಆ್ಯಪ್, ಎಷ್ಟು ಜನಕ್ಕೆ ಅನ್ನುವುದು ತಾನಾಗಿ ಗೊತ್ತಾಯಿತು. ಯುಸಿಯ ಬಾಡಿಗೆ ತಲೆಗಿಷ್ಟು, ತಿಂಗಳಿಗಿಷ್ಟು. ನಲವತ್ತು ಜನಕ್ಕೂ ಕೊಡಿಸುವುದು ದಂಡ. ಉತ್ತರ ಯಾರ ಹತ್ತಿರ ಇದೆಯೋ ಅವರಿಗೆ ಮಾತ್ರ ಸೀಟು ಸಾಕು, ಹನ್ನೊಂದು ಜನ. ಅವರಲ್ಲಿ ಕಾಟಾದ ಹುಡುಗನೂ ಒಬ್ಬ. ಹಿರಿಯಣ್ಣನ ಹೆಸರು ಪಟ್ಟಿಯಲ್ಲಿ ಕೊನೆಗೆ ಬಂತು, ಅದಕ್ಕೆ ಸ್ವಲ್ಪ ಮುಖ ಸಣ್ಣದಾಯಿತು.

ನಂಬರಿನ ಕೆಲಸ ಇದಕ್ಕಿಂತ ಕಷ್ಟ. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಸೌಲಭ್ಯ 2011ರಿಂದ ದೇಶದ ತುಂಬ ಇದೆ. ಲ್ಯಾಂಡ್‌ಲೈನ್ ನಂಬರಿಗೆ ಆ ಭಾಗ್ಯವಿಲ್ಲ. ಆದ್ದರಿಂದ 08392ರ ಹಳೆಯ ಆಫೀಸ್ ನಂಬರನ್ನು ಅದೇ ಕಂಪನಿಯ ಫೈಬರ್ ಮೇಲೆ ಉಳಿಸಿಕೊಂಡು, ಅಲ್ಲಿಂದ ಹೊಸ ವ್ಯವಸ್ಥೆಗೆ ಕರೆ ತಿರುಗಿಸಿದೆವು. ನೌಕರರ ಕೈಯಲ್ಲಿದ್ದ ಸಿಮ್‌ಗಳ ಪೈಕಿ ಚೀಲದ ಮೇಲೆ ಅಚ್ಚಾದವನ್ನು ಸಂಸ್ಥೆಯ ಹೆಸರಿಗೆ ಮಾಡಿಸಿದರು. 2023ರ ಡಿಸೆಂಬರಿನಿಂದ ಈ ಲೆಕ್ಕ ಬಿಗಿಯಾಗಿದೆ: ಮೊದಲಿನಂತೆ ಕಂತೆಗಟ್ಟಲೆ ಸಿಮ್ ಕೊಡುವುದಿಲ್ಲ, ಸಂಸ್ಥೆಯ ಹೆಸರಿನಲ್ಲಿ ತೆಗೆದುಕೊಂಡರೂ ಬಳಸುವ ಒಬ್ಬೊಬ್ಬರ ಕೆವೈಸಿ ಆಗಲೇಬೇಕು. ಒಬ್ಬರು ನಂಬರ್ ಬಿಟ್ಟುಕೊಡಲು ಒಪ್ಪಲಿಲ್ಲ. ಮಗಳ ಶಾಲೆ, ಬ್ಯಾಂಕು, ಆಧಾರ್ ಎಲ್ಲದಕ್ಕೂ ಅದೇ ಕೊಟ್ಟಿದ್ದೇನೆ ಅಂದರು. ಅವರದ್ದೂ ನ್ಯಾಯವೇ. ಹೊಸ ಚೀಲ ಅಚ್ಚು ಹಾಕಿಸುವಾಗ ಆ ನಂಬರ್ ತೆಗೆದು ಹಾಕಿದ್ದಷ್ಟೇ.

ಇನ್ನು ಧ್ವನಿ. ಪ್ಯಾಕೇಜಿನ ಜೊತೆ ಉಚಿತವಾಗಿ ಬಂದದ್ದು ಒಂದು ನಯವಾದ ಹೆಣ್ಣು ದನಿ: ಕನ್ನಡಕ್ಕೆ ಒಂದನ್ನು ಒತ್ತಿ, ತೆಲುಗಿಗೆ ಎರಡು, ಮಾರಾಟ ವಿಭಾಗಕ್ಕೆ ಮೂರು... ಮೊದಲ ದಿನಗಳ ರೆಕಾರ್ಡಿಂಗ್ ಕೂತು ಕೇಳಿದೆವು. ಸಿರಿಗೇರಿ ಕಡೆಯ ರೈತರೊಬ್ಬರು ಆ ದನಿಗೆ, "ಹ್ಞಾಂ ಹೇಳವ್ವ, ಸಾವ್ಕಾರ್ರು ಅದಾರಾ?" ಅಂತ ಕೇಳಿ, ಅದು ತನ್ನ ಪಾಡಿಗೆ ಅಂಕಿ ಹೇಳುತ್ತಲೇ ಇದ್ದಾಗ, "ಒಳ್ಳೆ ಹುಡುಗಿ, ನಮ್ ಮಾತೇ ಕೇಳವಲ್ದು" ಅಂತ ಇಟ್ಟುಬಿಟ್ಟಿದ್ದರು. ಅಂಥವು ಎಷ್ಟೋ. ಮೆನುವನ್ನು ಕಿತ್ತುಹಾಕಿಸಿದೆ. ಈಗ ಕರೆ ಬಂದರೆ ಗಿರಣಿಯ ಹಳೆಯ ಗುಮಾಸ್ತರ ದನಿಯಲ್ಲಿ ಒಂದೇ ಸಾಲು, "ನಮಸ್ಕಾರ ರೀ, ಒಂದು ನಿಮಿಷ ತಡೀರಿ, ಕೊಡ್ತೀನಿ." ಅಷ್ಟರಲ್ಲಿ ವ್ಯವಸ್ಥೆ ಕರೆ ಮಾಡಿದವರ ನಂಬರ್ ನೋಡಿ, ಹಿಂದಿನ ಸಲ ಯಾರ ಜೊತೆ ಮಾತಾಡಿದ್ದರೋ ಅವರಿಗೇ ಕೊಡುತ್ತದೆ. ಅವರು ಬಿಜಿ ಇದ್ದರೆ ಮುಂದಿನವರಿಗೆ. ನೀರುಗಂಟಿ ಒಂದು ಗದ್ದೆ ತುಂಬಿದ ಮೇಲೆ ಮಡೆ ಕಟ್ಟಿ ಪಕ್ಕದ ಗದ್ದೆಗೆ ನೀರು ತಿರುಗಿಸುವುದಿಲ್ಲವೇ, ಹಾಗೆ. ಆದೋನಿ ಕಡೆಯಿಂದ ಮಾಡುವವರ ನಂಬರುಗಳನ್ನು ತೆಲುಗು ಬಲ್ಲ ಹುಡುಗನ ಸರದಿಗೆ ಕಟ್ಟಿದ್ದೇವೆ.

ಒಂದೇ ನಂಬರಿಗೆ ಕರೆ, ಉತ್ತರಿಸುವವರು ಎಲ್ಲೋ ಅನ್ನುವುದು ನಮ್ಮ ರೈತರಿಗೆ ಹೊಸದಲ್ಲ. ಕಿಸಾನ್ ಕಾಲ್ ಸೆಂಟರಿನ 1800-180-1551 ಶುರುವಾದದ್ದು 2004ರ ಜನವರಿಯಲ್ಲಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಕರೆಂಟ್ ಹೋದರೆ 1912, ಆಂಬುಲೆನ್ಸಿಗೆ 108. ಅವುಗಳ ಹಿಂದೆ ಎಷ್ಟು ಯಂತ್ರ, ಎಷ್ಟು ತಂತ್ರಾಂಶ ಇವೆ ಅಂತ ಯಾವ ರೈತನೂ ಕಲಿಯಬೇಕಾಗಿ ಬಂದಿಲ್ಲ. ನನ್ನ ಹಟವೂ ಇದೇ. ಫೋನ್ ಮಾಡುವವರಿಗೆ ಏನೂ ಬದಲಾಗಬಾರದು. ಕಲಿಯುವುದಿದ್ದರೆ ಒಳಗಿನವರು ಕಲಿಯಲಿ.

ಮಿಸ್ಡ್ ಕಾಲ್ ವಿಷಯದಲ್ಲಿ ಲಾಭ ಕಣ್ಣಿಗೆ ಕಂಡಿತು. ಕರೆ ಅಗ್ಗವಾಗಿದ್ದರೂ ನಮ್ಮ ಕಡೆ ಮಿಸ್ಡ್ ಕಾಲ್ ಕೊಡುವ ಚಾಳಿ ಹೋಗಿಲ್ಲ. ಮೊದಲು ಅದು ಯಾರದೋ ಫೋನಿನಲ್ಲಿ ಕೆಂಪಗೆ ಬಿದ್ದಿರುತ್ತಿತ್ತು. ಈಗ ಹನ್ನೊಂದು ಜನರಿಗೂ ಕಾಣುವ ಒಂದೇ ಪಟ್ಟಿಗೆ ಸೇರುತ್ತದೆ. ತಿರುಗಿ ಮಾಡಿದವರ ಹೆಸರು ಅದರ ಎದುರಿಗೆ ಬೀಳುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಮರುದಿನ ಭಾನುವಾರ. ಕುರುಗೋಡಿನ ಅಂಗಡಿಗೆ ಬಾಗಿಲು, ಫೋನಿಗೆ ಬಿಡುವಿಲ್ಲ. ಎರಡನೇ ಬೆಳೆಗೆ ನೀರು ಸಿಗುತ್ತದಾ, ಗೊಬ್ಬರ ಎತ್ತಬೇಕಾ ಬಿಡಬೇಕಾ, ಉದ್ರಿ ಕೊಡ್ತೀರಾ? ವಾಟ್ಸಾಪ್ ಗುಂಪುಗಳಲ್ಲಿ ಡ್ಯಾಮೇ ಒಡೆಯಿತು ಅನ್ನುವವರೆಗೆ ಹೋಗಿತ್ತು. ಅಂಗಡಿಯವರು ತಮ್ಮ ತಮ್ಮ ಮನೆಯಲ್ಲೇ ಕೂತು ಆ ಪಟ್ಟಿಯನ್ನು ಹಂಚಿಕೊಂಡು, ಒಬ್ಬರಿಗೆ ಇಬ್ಬರು ಮಾಡದ ಹಾಗೆ ತಿರುಗಿ ಫೋನ್ ಮಾಡಿದರು. ನೀರಿನ ಬಗ್ಗೆ ಅವರಿಗೂ ಏನೂ ಗೊತ್ತಿರಲಿಲ್ಲ. ಉದ್ರಿ ನಿಲ್ಲಿಸಿಲ್ಲ ಅನ್ನುವುದನ್ನು ಮಾತ್ರ ಎಲ್ಲರಿಗೂ ಒಂದೇ ರೀತಿ ಹೇಳಿದರು. ಆವತ್ತು ಅದೇ ದೊಡ್ಡದಾಗಿತ್ತು.

ನನ್ನ ಕೆಲಸ ನಿಜವಾಗಿ ಶುರುವಾಗುವುದು ಗೋಡೆ, ತಂತಿ, ಕರೆಂಟಿನಲ್ಲಿ. ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಮಾತಾಡುತ್ತಿತ್ತು. (ಜೋಡಿ ತಂತಿ ಕೈಯಲ್ಲಿ ಹಿಡಿದಾಗ ರಿಂಗ್ ಬಂದರೆ ಹೊಡೆಯುವ ಶಾಕು ನಮ್ಮ ಕಸುಬಿನವರಿಗೆಲ್ಲ ಗೊತ್ತು.) ಇಂಟರ್ನೆಟ್ ಫೋನಿಗೆ ಆ ಭಾಗ್ಯವಿಲ್ಲ. ಫೈಬರಿನ ಡಬ್ಬಿ, ಸ್ವಿಚ್ಚು, ಫೋನು ಮೂರಕ್ಕೂ ಇಲ್ಲೇ ಕರೆಂಟ್ ಬೇಕು. ಸಿರುಗುಪ್ಪದ ಗಿರಣಿಯಲ್ಲಿ ಬೆಳಿಗ್ಗೆ ದೊಡ್ಡ ಮೋಟಾರು ಚಾಲೂ ಮಾಡಿದಾಗಲೆಲ್ಲ ಕರೆಗಳು ಕಟ್ ಆಗುತ್ತಿದ್ದವು. ಇಂಟರ್ನೆಟ್ಟಿನವರನ್ನು ಬೈದದ್ದೇ ಬೈದದ್ದು. ನೋಡಿದರೆ ಮೋಟಾರು ಎಳೆಯುವ ಆ ಎರಡು ಸೆಕೆಂಡು ವೋಲ್ಟೇಜ್ ಕುಸಿದು ಸ್ವಿಚ್ಚು ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ರ‍್ಯಾಕಿಗೆ ಪ್ರತ್ಯೇಕ ಚಿಕ್ಕ ಯುಪಿಎಸ್ ಹಾಕಿದ ಮೇಲೆ ನಿಂತಿತು. ತೌಡಿನ ಧೂಳು ಇನ್ನೊಂದು ಶತ್ರು. ಅದರಲ್ಲಿ ಎಣ್ಣೆ ಇರುವುದರಿಂದ ಫ್ಯಾನಿಗೆ ಅಂಟಿ ಗಟ್ಟಿಯಾಗುತ್ತದೆ, ಊದಿದರೆ ಹೋಗುವುದಿಲ್ಲ. ಗಿರಣಿಗೆ ಫ್ಯಾನಿಲ್ಲದ ಸ್ವಿಚ್ಚೇ ಬೇಕು. ತಗಡಿನ ಶೆಡ್ಡಿನಲ್ಲಿ ವೈಫೈ ನಂಬುವಂತಿಲ್ಲ. ಕಾಟಾದ ಕೋಣೆಗೆ ಕೇಬಲ್ ಎಳೆದು, ಅದರಲ್ಲೇ ಕರೆಂಟೂ ಹೋಗುವಂಥ ಫೋನ್ ಇಟ್ಟೆ.

ವೇಗದ ವಿಷಯದಲ್ಲಿ ಬಹಳ ತಪ್ಪು ತಿಳಿವಳಿಕೆ ಇದೆ. ಒಂದು ಫೋನ್ ಮಾತಿಗೆ ಬೇಕಾದದ್ದು ಸೆಕೆಂಡಿಗೆ 64 ಕಿಲೋಬಿಟ್, ಮೇಲಿನ ವಿಳಾಸದ ಭಾರ ಸೇರಿ 90ರ ಹತ್ತಿರ. ಹತ್ತು ಜನ ಒಟ್ಟಿಗೆ ಮಾತಾಡಿದರೂ 1 ಎಂಬಿಪಿಎಸ್ ಮುಟ್ಟುವುದಿಲ್ಲ. ಆದರೂ 100 ಎಂಬಿಪಿಎಸ್ ಫೈಬರ್ ಇದ್ದ ಬಳ್ಳಾರಿ ಆಫೀಸಿನಲ್ಲಿ ಮಾತು ಹರಿದು ಹರಿದು ಬರುತ್ತಿತ್ತು. ಸಿಸಿಟಿವಿ ಕ್ಯಾಮೆರಾಗಳೆಲ್ಲ ಅದೇ ಲೈನಿನ ಮೇಲೆ ವಿಡಿಯೊ ತುಂಬುತ್ತಿದ್ದವು. ವಿಡಿಯೊ ಒಂದು ಕ್ಷಣ ಕಾದರೆ ಕೇಡಿಲ್ಲ, ಮಾತು ಕಾಯುವಂತಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದನಿ ತಲುಪಲು 150 ಮಿಲಿಸೆಕೆಂಡು ಮೀರಬಾರದು ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಅದಕ್ಕಿಂತ ಹೆಚ್ಚಾದಷ್ಟೂ ಇಬ್ಬರೂ ಒಟ್ಟಿಗೆ "ಹಲೋ ಹಲೋ" ಅನ್ನುವುದು ಶುರು. ರೌಟರಿನಲ್ಲಿ ಮಾತಿಗೆ ಮೊದಲ ದಾರಿ ಅಂತ ಬರೆದಿಟ್ಟರೆ ಸರಿಹೋಗುತ್ತದೆ. ದುಡ್ಡು ಖರ್ಚಿಲ್ಲದ ಕೆಲಸ, ಯಾರೂ ಮಾಡಿರುವುದಿಲ್ಲ.

ಬಳ್ಳಾರಿಯ ಜೀನ್ಸ್ ಘಟಕಗಳ ಕಥೆ ಬೇರೆ. ಅಲ್ಲಿ ಫೋನ್ ಕರೆಗಿಂತ ಫೋಟೊ ಮುಖ್ಯ. ಕಟಿಂಗ್ ಒಂದು ಕಡೆ, ಹೊಲಿಗೆ ಮನೆಮನೆಗಳಲ್ಲಿ, ವಾಷಿಂಗ್ ಇನ್ನೊಂದು ಕಡೆ, ದಾರ ಕತ್ತರಿಸಿ ಪ್ಯಾಕ್ ಮಾಡುವುದು ಮತ್ತೊಂದು ಕಡೆ. ಮುಂಬೈಯ ವ್ಯಾಪಾರಿ ನಡುವೆ ಒಂದು ವಾಯ್ಸ್ ನೋಟ್ ಬಿಟ್ಟು "ಶೇಡು ಸ್ವಲ್ಪ ತಿಳಿಯಾಗಲಿ" ಅಂದಿರುತ್ತಾನೆ. ಅದು ಕಟಿಂಗ್ ಮಾಸ್ಟರ್ ಫೋನಿಗೆ ಬಂದು, ವಾಷಿಂಗಿನವರಿಗೆ ತಲುಪುವಷ್ಟರಲ್ಲಿ ಲಾಟು ಡ್ರಮ್ಮಿಗೆ ಬಿದ್ದಿರುತ್ತದೆ. ಇಂಥವರಿಗೆ ನಾನು ಹೇಳುವುದು, ಪ್ರತಿ ಆರ್ಡರ್ ನಂಬರಿಗೆ ಒಂದು ಚಾನೆಲ್ ಮಾಡಿ, ಶೇಡಿನ ಫೋಟೊ, ವಾಯ್ಸ್ ನೋಟು, ಅಳತೆ ಎಲ್ಲ ಅದರೊಳಗೇ ಬೀಳಲಿ, ಲಾಟ್ ಮುಗಿದ ಮೇಲೆ ಮುಚ್ಚಿ. ಗುಂಪಿನಲ್ಲಿ 1024 ಜನರನ್ನು ತುಂಬಲು ವಾಟ್ಸಾಪ್ ಬಿಡುತ್ತದೆ ಅಂತ ಎಲ್ಲ ಲಾಟಿಗೂ ಒಂದೇ ಗುಂಪು ಮಾಡಿದರೆ ಶುಭೋದಯದ ಹೂವಿನ ಕೆಳಗೆ ಶೇಡು ಹೂತುಹೋಗುತ್ತದೆ. ಹಾಗಂತ ವಾಟ್ಸಾಪ್ ಬಿಡಿಸಲು ಹೋಗಬಾರದು, ಗಿರಾಕಿ ಇರುವುದೇ ಅಲ್ಲಿ. ಅಂಗಡಿ ಚಿಕ್ಕದಿದ್ದರೆ 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಸಾಕು, ಒಂದು ನಂಬರು, ಒಂದು ಫೋನು, ಜೊತೆಗೆ ನಾಲ್ಕು ಕಂಪ್ಯೂಟರು. ದೊಡ್ಡದಾದರೆ ಅದನ್ನು ಯುಸಿಗೇ ಜೋಡಿಸಬಹುದು. ಗಿರಾಕಿ ಬರೆದ 24 ಗಂಟೆಯೊಳಗೆ ಏನು ಬೇಕಾದರೂ ಉತ್ತರಿಸಿ, ಆಮೇಲಾದರೆ ಮೊದಲೇ ಒಪ್ಪಿಗೆ ಪಡೆದ ಒಕ್ಕಣೆಯೇ ಆಗಬೇಕು.

ಕಾನೂನಿನದ್ದು ಎರಡು ಮಾತು. ವ್ಯಾಪಾರದ ಎಸ್ಸೆಮ್ಮೆಸ್ ಕಳಿಸಬೇಕಾದರೆ ಟ್ರಾಯ್‌ನ 2018ರ ನಿಯಮದಡಿ ಸಂಸ್ಥೆ, ಕಳಿಸುವ ಹೆಸರು, ಒಕ್ಕಣೆ ಮೂರನ್ನೂ ನೋಂದಾಯಿಸಬೇಕು. "ಪೆಟ್ಟಿಗೆಗೆ ಮೂವತ್ತು ಸಿಮ್ ಹಾಕಿ, ಇಂಟರ್ನೆಟ್ ಕರೆ ಅಗ್ಗಕ್ಕೆ ಕೊಡ್ತೀವಿ" ಅನ್ನುವವರು ಬಂದರೆ ಬಾಗಿಲಿಂದಲೇ ಕಳಿಸಿ. ಪರವಾನಗಿ ಇಲ್ಲದ ಸಿಮ್ ಬಾಕ್ಸು ಅಪರಾಧ, ಸಿಕ್ಕಿಬೀಳುವುದು ಜಾಗದ ಮಾಲೀಕರು. ಕರೆ ರೆಕಾರ್ಡ್ ಮಾಡುತ್ತಿದ್ದರೆ ಮೊದಲೇ ಹೇಳಿ. ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲೇ ಕಾಯ್ದೆ ಆಗಿದೆ. ನಮ್ಮ ಗುಮಾಸ್ತರ ಆ ಒಂದು ಸಾಲಿಗೆ "ಮಾತು ರೆಕಾರ್ಡ್ ಆಗ್ತದ್ರಿ" ಅಂತ ಸೇರಿಸಿದೆವು. ಸೇರಿಸಿದ ಮೇಲೆ ಬೈಗುಳ ಕಡಿಮೆಯಾಗಿವೆ ಅಂತ ಕಾಟಾದ ಹುಡುಗ ಹೇಳುತ್ತಾನೆ.

ಕರಾರು ಮಾಡುವಾಗ ನಾನು ಬೆಲೆಗಿಂತ ಮೊದಲು ಕೇಳುವುದು ಬಿಡುವ ದಿನದ ಬಗ್ಗೆ. ನಾಳೆ ಈ ಕಂಪನಿ ಬೇಡವೆಂದರೆ ನಂಬರ್ ಯಾರ ಹೆಸರಿನಲ್ಲಿ ಉಳಿಯುತ್ತದೆ, ಮೂರು ವರ್ಷದ ಮಾತು, ಫೋಟೊ, ಪಟ್ಟಿ ನಮ್ಮ ಕೈಗೆ ಯಾವ ರೂಪದಲ್ಲಿ ಸಿಗುತ್ತವೆ? ಗುಮಾಸ್ತರ ಜೇಬಿನಿಂದ ತೆಗೆದು ದೂರದ ಯಾವುದೋ ಕಂಪನಿಯ ಜೇಬಿಗೆ ಹಾಕುವುದಾದರೆ ಇಷ್ಟೆಲ್ಲ ಯಾಕೆ? ಸರಿಯಾದ ಉತ್ತರ ಬರೆದುಕೊಡಲು ಹಿಂದೇಟು ಹಾಕಿದ ಒಬ್ಬರನ್ನು ಈ ಮನೆತನದವರು ವಾಪಸ್ ಕಳಿಸಿದರು. ಬೇರೆಯವರು ಸ್ವಲ್ಪ ದುಬಾರಿಯಾದರೂ ಬರೆದುಕೊಟ್ಟರು.

ಇಷ್ಟೆಲ್ಲ ಆದರೂ ಹಿರಿಯಣ್ಣ ಇಬ್ಬರು ಮೂವರು ದಲ್ಲಾಳಿಗಳ ಜೊತೆ ಮಾತಾಡುವುದು ತಮ್ಮ ಹಳೆಯ ಕೀಪ್ಯಾಡ್ ಫೋನಿನಲ್ಲೇ. ಭತ್ತದ 75 ಕೆ.ಜಿ. ಚೀಲಕ್ಕೆ ಹತ್ತಿಪ್ಪತ್ತು ರೂಪಾಯಿಯ ಎಳೆದಾಟ ಎಲ್ಲ ಅಲ್ಲಿ. ಮಗನಿಗೆ ಸಿಟ್ಟು, ಅದನ್ನೂ ವ್ಯವಸ್ಥೆಗೆ ತನ್ನಿ ಅಂತ ನನ್ನ ಮುಂದೆಯೇ ಅಪ್ಪನಿಗೆ ಹೇಳಿದ. "ರೆಕಾರ್ಡ್ ಆಗ್ತೈತಿ ಅಂದ್ರೆ ಅಂವ ಬಾಯಿ ಬಿಡಲ್ಲ, ನಾನೂ ಬಿಡಲ್ಲ. ರೇಟು ಮುರಿದ ಮೇಲೆ ನಿನ್ನ ಮಷೀನಿಗೆ ಬರೆಸ್ತೀನಿ, ನಡಿ" ಅಂದರು. ಈಗ ನಡೆಯುತ್ತಿರುವುದು ಹಾಗೆಯೇ: ಮಾತು ಮುಗಿದ ಕೂಡಲೇ ಒಪ್ಪಿದ ರೇಟು, ಚೀಲದ ಲೆಕ್ಕ, ದಲ್ಲಾಳಿಯ ಹೆಸರು ಮೂರೂ ಸಿರುಗುಪ್ಪದ ಚಾನೆಲ್ಲಿಗೆ ಬೀಳುತ್ತವೆ. ಟೈಪ್ ಮಾಡುವುದು ಮಗನೇ.